ಹೆಳವ ಖಾಲಿ ಬಿಟ್ಟ ಸಾಲು

ಅಕ್ಕಾ,

ಇವತ್ತು ಬೆಳಿಗ್ಗೆ ಹುನಗುಂದದ ಮನೆಗೆ ನಮ್ಮ ವಂಶ ಹೇಳುವ ಹೆಳವ ಬಂದಿದ್ದ. ಈಗ ಎತ್ತಿನ ಮೇಲೆ ಬರುವುದಿಲ್ಲ, ಮೋಟರ್ ಸೈಕಲ್ಲು. ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದು ಏಳು ತಲೆಮಾರು ಹೇಳಿದ: ಯಾರಿಗೆ ಯಾರು ಹುಟ್ಟಿದರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು. ಅಪ್ಪನ ಹೆಸರಿಗೆ ಬಂದು ನಿಂತ.

"ನಿಮ್ಮ ಅಕ್ಕಾರು ಕ್ರಿಶ್ಚನ್ನರ ಮನಿಗೆ ಹೋದ್ರಂತ ಹೆಸರು ಬರೀಬ್ಯಾಡ ಅಂದಿದ್ರು ನಿಮ್ಮಪ್ಪಾರು. ನಾ ಒಂದು ಸಾಲು ಖಾಲಿ ಬಿಟ್ಟೇನ್ರಿ. ಈಗ ನೀವ ಯಜಮಾನ್ರು. ಬರೀಲೇನ್ರಿ?"

ಗುಳೇದಗುಡ್ಡದಿಂದ ನೀನು ಕೊನೆಯ ಸಲ ಫೋನ್ ಮಾಡಿದಾಗ ಬೈಬಲ್ಲಿನ ಹಳೆಯ ಒಡಂಬಡಿಕೆ ಓದುತ್ತಿದ್ದೆ. "ಇದರಾಗೂ ಹೆಳವರು ಹೇಳಿದಂಗ ಐತಿ ನೋಡೋ, ಪುಟಗಟ್ಲೆ ಬರೇ ಹೆಸರು" ಎಂದು ನೀನು ನಕ್ಕೆ. ಆಮೇಲೆ ನೀನೇ ಹೇಳಿದೆ: ಸೆರೆಯಿಂದ ಊರಿಗೆ ಮರಳಿದ ಕೆಲವು ಯಾಜಕರು ವಂಶಾವಳಿಯಲ್ಲಿ ತಮ್ಮ ಹೆಸರು ಹುಡುಕಿದರಂತೆ. ಸಿಗಲಿಲ್ಲವಂತೆ. ಅವರನ್ನು ದೇವರ ಸೇವೆಯಿಂದ ಹೊರಗಿಟ್ಟರಂತೆ.

"ಹೆಳವ ಬಂದ್ರ ನನ್ನ ಹೆಸರೂ ಐತೇನಂತ ಒಮ್ಮೆ ಕೇಳೋ ತಮ್ಮಾ."

ನೀನು ತೀರಿಕೊಂಡು ಎಂಟು ತಿಂಗಳಾಯಿತು. ಹೆಳವ ಪೆನ್ನು ಹಿಡಿದು ಕಾಯುತ್ತಿದ್ದ. ಕಾಕಾ ಎದುರಿಗೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ನನ್ನ ಮಗನ ಹೆಸರು ಬರ್ಕೊಳ್ರಿ, ದುಂಡೇಶ" ಎಂದೆ.

ಬರೆದುಕೊಂಡ. ಆ ಸಾಲಿನಲ್ಲಲ್ಲ, ಅದರ ಕೆಳಗೆ. ಒಂದು ಚೀಲ ಜೋಳ ಕೊಟ್ಟೆ, ಹೋದ.

ಈ ಪತ್ರವನ್ನು ಈಗ ಮೊದಲಿನಿಂದ ಓದಿ ನೋಡಿದೆ. ಇದರಲ್ಲಿಯೂ ನಿನ್ನನ್ನು ಅಕ್ಕಾ ಎಂದಷ್ಟೇ ಕರೆದಿದ್ದೇನೆ.