ಗೇಣಿನ ಸಾಲು, ಮೊಳದ ಸಾಲು

ಮೇ 6

ಸಸಿ ನೆಟ್ಟು ಮುಗಿಯಿತು. ಸೊಂಟ ನನ್ನದಲ್ಲ. ಸಿಗಟೋಕಾ ಹೊಳೆಯ ಪಕ್ಕದ ತುಂಡಿನಲ್ಲಿ ಎಂಟು ಸಾಲು ಟೊಮೇಟೊ. ನಾಲ್ಕು ನನ್ನ ಗಂಡ ನೇಮಾನಿಯವು, ಗೇಣಿಗೊಂದು ಸಸಿ. ನಾಲ್ಕು ನನ್ನವು, ಮೊಳಕ್ಕೊಂದು.

"ಅರ್ಧ ನೆಲ ಖಾಲಿ ಬಿಟ್ಟಿದ್ದೀಯಲ್ಲೇ, ಅಲ್ಲೇನು ಕುಣೀತೀಯಾ?" ಅಂದ.

"ನಾನಲ್ಲ, ಗಾಳಿ ಕುಣಿಯುತ್ತೆ."

ಗೇಣು ಅವನ ಅಪ್ಪನ ಅಳತೆ. ಮಾವ ತೀರಿಕೊಂಡ ಮೇಲೆ ಇದು ಮೊದಲ ಬೆಳೆ. ಪಂದ್ಯ ಕಟ್ಟಿದ್ದೇವೆ — ಯಾರ ಸಾಲು ಹೆಚ್ಚು ತೂಗುತ್ತದೋ, ಮುಂದಿನ ವರ್ಷ ಇಡೀ ಹೊಲ ಅವರ ಅಳತೆಗೆ.

ಜುಲೈ 19

ಮೊದಲ ಕೊಯ್ಲು. ನನ್ನ ಹಣ್ಣು ಒಂದೊಂದೂ ಮುಷ್ಟಿ ತುಂಬ. ಅವನದು ಪುಟಾಣಿ. ಆದರೆ ಅವನ ಸಾಲಿಗೆ ನಲವತ್ತು ಗಿಡ, ನನ್ನದಕ್ಕೆ ಇಪ್ಪತ್ತು. ನಾಲ್ಕೂ ಸಾಲು ಸೇರಿ ಅವನದು ಮೂವತ್ತೊಂದು ಕಿಲೋ, ನನ್ನದು ಇಪ್ಪತ್ತಾರು.

ಸಿಟ್ಟು ಬಂತು. ಅದಕ್ಕಿಂತ ಕುತೂಹಲ... ಕೊನೆತನಕ ಹೀಗೇ ಇರುತ್ತದಾ?

ಜುಲೈ 23

ಇನ್ನೂ ಅವನೇ ಮುಂದೆ. ಅತ್ತೆ ಮರಗೆಣಸು ಸುಲಿಯುತ್ತಾ, "ಸೋತವ್ರು ಒಂದು ತಿಂಗಳು ಮೀನು ತೊಳೀಬೇಕು" ಅಂದರು. ನನ್ನನ್ನೇ ನೋಡಿಕೊಂಡು!

ಆಗಸ್ಟ್ 2

ಆರು ದಿನ ಬಿಡದೆ ಮಳೆ. ನಮ್ಮ ದ್ವೀಪಕ್ಕೆ ಇದು ಒಣಗಾಲ, ಮಳೆಯ ಕಾಲವೇ ಅಲ್ಲ. ಇವತ್ತು ಬಿಸಿಲು. ಒಂಬತ್ತಕ್ಕೆಲ್ಲ ನನ್ನ ಸಾಲಿನ ಎಲೆ ಒಣಗಿತ್ತು. ಅವನ ಸಾಲಿನೊಳಗೆ ಕೈ ಹಾಕಿದೆ — ಮಧ್ಯಾಹ್ನವಾದರೂ ತೇವ. ಎಲೆ ತುಂಬ ಕಂದು ಚುಕ್ಕೆ. ಒಳಗಿನ ಹಣ್ಣು ಕೊಳೆತಿವೆ.

ಗೆದ್ದೆ ಅಂತ ಕೂಗಬೇಕಿತ್ತು. ಆಗಲಿಲ್ಲ. ನೇಮಾನಿ ಟೋಪಿ ಕೈಯಲ್ಲಿ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದ.

ಆಗಸ್ಟ್ 3, ಬೆಳಿಗ್ಗೆ ಏಳು

ಹೊಲಕ್ಕೆ ಹೋದರೆ — ಒಂದು ಬಿಟ್ಟು ಒಂದು ಗಿಡ ಕೀಳುತ್ತಿದ್ದಾನೆ! ಕಾಯಿ ಸಮೇತ.

"ಏನು ಮಾಡ್ತಿದ್ದೀಯಾ?"

"ಉಸಿರು ಕಟ್ತಿದೆ ಅವಕ್ಕೆ." ಕಣ್ಣು ಕೆಂಪು. "ಅಪ್ಪ ಇದ್ದಿದ್ರೆ ಬೈತಿದ್ರು."

ಸಮಾಧಾನ ಹೇಳಬೇಕಿತ್ತು. ಬಾಯಿಗೆ ಬಂದದ್ದು, "ನನ್ನ ಲೆಕ್ಕ ಹಾಳಾಯ್ತಲ್ಲೋ! ಯಾವುದು ಹೆಚ್ಚು ಅಂತ ಇನ್ನು ಹೇಗೆ ಗೊತ್ತಾಗುತ್ತೆ?"

ಪಿಳಿಪಿಳಿ ನೋಡಿದ. ಆಮೇಲೆ ಕೆಸರಲ್ಲೇ ಕೂತು ನಕ್ಕ. ಮಾವ ಹೋದ ಮೇಲೆ ಅವನು ಹಾಗೆ ನಕ್ಕದ್ದು ಇದೇ ಮೊದಲು.

"ಒಂದು ಸಾಲು ಮುಟ್ಟಿಲ್ಲ, ಹೋಗೇ. ನಿನ್ನ ಹುಚ್ಚು ನಂಗೊತ್ತಿಲ್ವಾ?"

ಆಗಸ್ಟ್ 30, ಸಂಜೆ

ಕೊನೆಯ ಕೊಯ್ಲು. ಮುಟ್ಟದೆ ಬಿಟ್ಟ ಅವನ ಸಾಲಿಗೆ ಎದುರಾಗಿ ನನ್ನದೊಂದು ಸಾಲು ತೂಗಿದೆವು. ಮೊದಲಿನಿಂದ ಎಲ್ಲ ಕೂಡಿಸಿ, ಕೊಳೆತದ್ದು ಕಳೆದು — ಗೇಣು ಮೂವತ್ತೊಂದು ಕಿಲೋ. ಮೊಳ ಮೂವತ್ತೊಂಬತ್ತು.

"ಮುಂದಿನ ವರ್ಷ ಮೊಳವೇ ಬಿಡು," ಅಂದ.

ಮನಸ್ಸು ಒಪ್ಪಲಿಲ್ಲ. ಮಳೆ ಬರದಿದ್ದರೆ ಗೆಲ್ಲುತ್ತಿದ್ದದ್ದು ಗೇಣೇ ಅಲ್ಲವೇ? ಹಾಗೆಂದೆ. ನಡುವೆ ಎಲ್ಲೋ ಒಂದು ಅಳತೆ ಇರಬೇಕು. ಒಂದೂವರೆ ಗೇಣು?

ಈಗ ಮಣ್ಣಲ್ಲಿ ಮಂಡಿಯೂರಿ ಕೂತಿದ್ದಾನೆ. ತನ್ನದೊಂದು ಗೇಣು ಇಟ್ಟಾಯಿತು, ಉಳಿದ ಅರ್ಧಕ್ಕೆ ನನ್ನ ಕೈ ಬೇಕಂತೆ. ಬರೆಯುತ್ತಿದ್ದೇನೆ ಅಂದರೂ ಕೇಳದೆ, ಇದೇ ಕೈ ಹಿಡಿದು ಎಳೆ —