ಬಸ್ ಪಾಸಿನ ಕವರಿನೊಳಗಿನ ಬೌಲರ್

ಬೆಂಚಿನ ಎಡಗಡೆಯಲ್ಲೇ ಕೂರುತ್ತಿದ್ದ ಗೆಳೆಯ ಶಿವುಗೆ,

ಮೊನ್ನೆ ಮಧ್ಯಾಹ್ನ ನೀನು ನನ್ನ ಬಸ್ಸು ಹತ್ತಿದ್ದೆ, ಗೊತ್ತಾ? ಮೊದಲ ಶಿಫ್ಟ್ ಮುಗಿಸಿ ಹೆಬ್ಬಾಳದ ಫ್ಯಾಕ್ಟರಿಯಿಂದ ಬೋಗಾದಿಯ ಮನೆಗೆ ಬರುತ್ತಿದ್ದೆ. ಕಿಟಕಿಗೆ ತಲೆ ಆನಿಸಿದ್ದೇ ತಡ, ಜೊಂಪು ಹತ್ತಿತು. ಕಣ್ಣು ಬಿಟ್ಟರೆ, ಬಿಟ್ಟೆನೋ ಇಲ್ಲವೋ, ಪಕ್ಕದಲ್ಲಿ ನೀನು. ಐದನೇ ಕ್ಲಾಸಿನ ಚಡ್ಡಿ, ಮೀಸೆ ಮಾತ್ರ ಬೆಳ್ಳಗೆ. "ಎಷ್ಟ್ ಎಂಎಂ ಕಮ್ಮಿ ಅದೆ ನೋಡ್ಲಾ" ಅಂತ ಅಂಗೈ ಚಾಚಿದೆ. ಅಂಗೈಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಅಳೆಯುವುದಕ್ಕೆ ಹೋದೆ... ಎಚ್ಚರಾಗುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿತ್ತು. ಸತ್ತ ಮೇಲೂ ನನ್ನನ್ನು ಬಿಸಿಲಲ್ಲಿ ಹಿಂದಕ್ಕೆ ನಡೆಸಿದೆಯಲ್ಲ, ಭಲೇ ಆಸಾಮಿ ಕಣೋ ನೀನು.

ಆ ಬೌಲರ್ ನೆನಪಿದ್ದಾನಾ? ಆಗ ಬೋಗಾದಿ ಇನ್ನೂ ಹಳ್ಳಿ. ಬಬಲ್ ಗಮ್ ಬಿಚ್ಚಿದರೆ ಒಳಗೊಂದು ಕ್ರಿಕೆಟ್ ಆಟಗಾರನ ಕಾರ್ಡು. ಗಮ್ಮು ನಿನಗೆ, ಕಾರ್ಡು ನನಗೆ, ಅದು ನಮ್ಮ ಒಪ್ಪಂದ. ಆದರೆ ಆ ಬೌಲರನ ಮೇಲೆ ನಿನಗೂ ಕಣ್ಣು. ಓಡಿ ಬಂದು ಹಾರಿದ್ದಾನೆ, ಎರಡೂ ಕಾಲು ನೆಲ ಬಿಟ್ಟಿವೆ, ಚೆಂಡು ಇನ್ನೂ ಕೈಯಲ್ಲೇ ಇದೆ. "ಇವ್ನು ಯಾವಾಗ್ಲಾ ಇಳಿಯೋದು?" ಅಂತ ನೀನು ದಿನಾ ಕೇಳುತ್ತಿದ್ದೆ. ನಾಳೆ ಬೆಳಿಗ್ಗೆ ನೋಡಿದರೆ ಇಳಿದಿರುತ್ತಾನೆ ಅಂತ ನಾನು ಹೇಳುತ್ತಿದ್ದೆ, ಹೇಳಿದ್ದನ್ನು ನಾನೇ ನಂಬುತ್ತಿದ್ದೆ. ಆ ವರ್ಷವೇ ನಿಮ್ಮಪ್ಪ ತೀರಿಹೋದರು. ನಿಮ್ಮವ್ವ ನಿನ್ನನ್ನು ಕರೆದುಕೊಂಡು ಮಂಡಕಳ್ಳಿಯ ತವರಿಗೆ ಹೊರಟರು. ಇನ್ನು ಮೇಲೆ ಸ್ಕೂಲಿಗೆ ನೀನೊಬ್ಬನೇ ಬಸ್ಸಿನಲ್ಲಿ ಹೋಗಬೇಕು. ಹೊರಡುವ ದಿನ ಆ ಕಾರ್ಡನ್ನು ನಿನ್ನ ಕೈಗಿಟ್ಟೆ. ಕೊಟ್ಟಿದ್ದು ನೆನಪಿದೆ. ಅದಕ್ಕಿಂತ ಮುಂಚೆ ಏನು ಮಾಡಿದ್ದೆ ಅನ್ನುವುದೇ ಮರೆತುಹೋಗಿತ್ತು, ಶಿವು.

ಹೋದ ವರ್ಷದ ಆ ಭಾನುವಾರವನ್ನು ಹೇಗೆ ಬರೆಯಲಿ? ನಮ್ಮ ಸಂಗ್ರಹಗಾರರ ಕೂಟ, ಟ್ಯೂಷನ್ ಸೆಂಟರಿನ ಮಹಡಿ ಕೋಣೆ, ಉದ್ದ ಮೇಜು, ಎಂಟು ಜನ. ಹಳೆ ಕಾರ್ಡುಗಳನ್ನು ಪರೀಕ್ಷೆ ಮಾಡುವವನು ನಾನು. ಮಾಡದೆ ಇರುತ್ತೀನಾ? ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ: ಕ್ಯಾಲಿಪರ್ ಹಿಡಿದು ಅಳೆ, ಅಳತೆ ತಪ್ಪಿದ್ದಕ್ಕೆ ಕೆಂಪು ಚುಕ್ಕೆ ಅಂಟಿಸು, ಪಕ್ಕಕ್ಕೆ ತಳ್ಳು. ಅಂಚು ಕತ್ತರಿಸಿದ್ದು, ಬಣ್ಣ ಹಚ್ಚಿದ್ದು, ಮೂಲೆ ತೀಡಿದ್ದು ಯಾವುದೂ ಮೇಜಿನ ಮೇಲೆ ಬರಕೂಡದು ಅಂತ ನಿಯಮ ಮಾಡಿದವನೂ ನಾನೇ. ಮೋಸಗಾರರು ಜಾಸ್ತಿಯಾಗಿದ್ದರು ಕಣೋ. ಅವತ್ತು ನೀನು ಮೊದಲ ಸಲ ಬಂದೆ. ನೀನು ಓಡಿಸುತ್ತಿದ್ದ ಸ್ಕೂಲ್ ವ್ಯಾನಿನಲ್ಲಿ ದೇವರ ಫೋಟೋ ಪಕ್ಕ ಅಷ್ಟು ವರ್ಷ ನೇತಾಡಿದ ಬಸ್ ಪಾಸಿನ ಕವರನ್ನೇ ತಂದಿದ್ದೆ. ಒಳಗೆ ಬೌಲರ್. ನಾನು ಅಳೆದೆ. ಕೆಳಗಿನ ಅಂಚು ಆರು ಎಂಎಂ ಕಮ್ಮಿ. ಗೆಳೆಯ ಅಂತ ಬಿಟ್ಟರೆ ನಾಲ್ಕು ಜನ ಏನಂದುಕೊಂಡಾರು ಅನ್ನುವ ಜಂಬ ನನಗೆ. "ಕತ್ತರಿಸಿದ ಮಾಲು, ಶಿವಣ್ಣ. ಗೊತ್ತಿದ್ದೂ ತಂದ್ಯಾ?" ಅಂದೆ. ಕವರಿನ ಮೇಲೆ ಕೆಂಪು ಚುಕ್ಕೆಯನ್ನೂ ಅಂಟಿಸಿದೆ. ನೀನು ಏನೋ ಹೇಳಬೇಕು ಅಂತ ಬಾಯಿ ತೆರೆದೆ. ಆಮೇಲೆ ನಕ್ಕೆ. "ಇರ್ಲಿ ಬುಡು ಮಾದೇಶ. ಅಳತೆ ನಿಂಗೆ ಗೊತ್ತು" ಅಂದು ಮೆಟ್ಟಿಲಿಳಿದು ಹೋದೆ. ಮತ್ತೆ ಬರಲಿಲ್ಲ. ನಾಲ್ಕು ತಿಂಗಳಿಗೆ ನಿನ್ನ ಎದೆಬಡಿತ ನಿಂತಿತು ಅಂತ ಫೋನು ಬಂತು. ನೀನು ಮುನಿಸಿಕೊಂಡೇ ಹೋದೆ ಅಂದುಕೊಂಡಿದ್ದೆ. ನಿನ್ನ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಕಳೆದ ವಾರ ನಿನ್ನ ಹೆಂಡತಿ ಮಂಜುಳ ನನ್ನನ್ನು ಮಂಡಕಳ್ಳಿಗೆ ಕರೆಸಿಕೊಂಡಳು. ಜಗಲಿಯಲ್ಲಿ ಕೂತಿದ್ದೆ, ವಿಮಾನವೊಂದು ತೆಂಗಿನ ಗರಿ ಸವರಿಕೊಂಡು ಹೋದ ಹಾಗೆ ಹೋಯಿತು, ಲೋಟದ ಕಾಫಿ ಅಲುಗಿತು. ಅವಳು ಆ ಕವರನ್ನು ನನ್ನ ಮುಂದಿಟ್ಟಳು. ನನ್ನ ಕೆಂಪು ಚುಕ್ಕೆ ಹಾಗೇ ಇತ್ತು. "ಪಾಸ್ ಇಂದ್ಗಡೆ ಏನೋ ಅದೆ ನೋಡಣ್ಣ" ಅಂದಳು. ಹಳೇ ಪಾಸಿನ ಹಿಂದೆ, ಮಾಸಿದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಒಂದು ಬಿಳಿ ಪಟ್ಟಿ. ಆರು ಎಂಎಂ ಅಗಲ. ಅದರ ಮೇಲೆ ನೀಲಿ ಇಂಕಿನಲ್ಲಿ, ತಲೆಕಟ್ಟು ಸೊಟ್ಟಗಿರುವ ಅಕ್ಷರದಲ್ಲಿ: ಮಾದೇಶ, ಐದನೇ ಎ.

ಆಗ ಎಲ್ಲಾ ಒಟ್ಟಿಗೆ ಬಂತು ನೋಡು. ನಮ್ಮವ್ವನ ಹೊಲಿಗೆ ಕತ್ತರಿ. ನಿನ್ನ ಹೊಸ ಬಸ್ ಪಾಸಿನ ಕವರು. ಕಾರ್ಡು ಒಳಗೆ ಕೂರದೆ ಸ್ವಲ್ಪ ಹೊರಗೆ ಇಣುಕುತ್ತಿತ್ತು. "ಬ್ಯಾಡ ಕಣ್ಲಾ, ನಿನ್ ಹೆಸ್ರು ಹೊಂಟೋಯ್ತದೆ" ಅಂತ ನೀನು ಕೈ ಹಿಡಿದುಕೊಂಡೆ. "ಇನ್ನು ಇದು ನಿಂದು, ನನ್ ಹೆಸ್ರು ಯಾಕ್ಲಾ" ಅಂತ ನಾನೇ, ನನ್ನ ಈ ಕೈಯಲ್ಲೇ, ಕಚಕ್ಕಂತ ಕತ್ತರಿಸಿದ್ದೆ. ಚೂರು ನೆಲಕ್ಕೆ ಬಿತ್ತು. ನೀನು ಅದನ್ನು ಯಾವಾಗ ಎತ್ತಿಕೊಂಡೆ? ಯಾಕೆ ಎತ್ತಿಕೊಂಡೆ ಮಾರಾಯ?

"ಅವತ್ತೇ ಹೇಳ್ಬೋದಿತ್ತಲ್ಲ ಅವ್ನು!" ಅಂದೆ ಮಂಜುಳಂಗೆ. ನಾಚಿಕೆಯಾದಾಗ ನನಗೆ ದನಿ ಏರುತ್ತದೆ, ನಿನಗೆ ಗೊತ್ತಲ್ಲ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನೂ ಅಂಗೇ ಬೈದೆ ಕಣಣ್ಣ. 'ಎಂಟ್ ಜನದ್ ಮುಂದೆ ಹೇಳುದ್ರೆ ಅವ್ನ್ ಮಖ ಏನಾಗ್ಬೇಕು? ಅವ್ನ್ಗೇ ಗ್ಯಾನ ಬರ್ಲಿ ಬುಡು' ಅಂದ್ರು. ಅದೇ ದಿನ ಕವರ್ ತಕಂಡೋಗಿ ವ್ಯಾನಲ್ಲಿ ಮತ್ತೆ ನೇತ್ ಹಾಕುದ್ರು." ನನ್ನ ಮುಖ ಉಳಿಯಲಿ ಅಂತ ನೀನು ಕಳ್ಳನಾಗಿ ಮೆಟ್ಟಿಲಿಳಿದೆಯಲ್ಲೋ. ಅಲ್ಲೇ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ, ಐವತ್ತೆರಡು ವರ್ಷದ ಗಂಡಸು.

ಈ ಭಾನುವಾರ ಅದೇ ಮೇಜು, ಅದೇ ಎಂಟು ಜನ. ಕಾರ್ಡು ಇಟ್ಟೆ, ಪಕ್ಕದಲ್ಲಿ ಪಟ್ಟಿ ಇಟ್ಟೆ, ನಡೆದದ್ದೆಲ್ಲ ಹೇಳಿದೆ. ಅಂಚೆಚೀಟಿ ಕೂಡಿಡುವ ರಂಗನಾಥರು ಬಗ್ಗಿ ನೋಡಿ, "ತೆಳ್ಳಗೆ ಅಂಟು ಹಾಕಿ ಕೂರಿಸಿಬಿಡೋಣ ಕಣ್ರೀ, ಕತ್ತರಿಸಿದ್ದು ಯಾರಿಗೂ ಗೊತ್ತಾಗಲ್ಲ" ಅಂದರು. ಪಾಪ, ಒಳ್ಳೆಯದಕ್ಕೇ ಅಂದರು. "ಗೊತ್ತಾಗಬೇಕು ಸಾರ್, ಗೊತ್ತಾಗಲಿ ಅಂತಲೇ ತಂದಿದ್ದು" ಅಂದೆ. ಬಹಳ ಹೊತ್ತು ಜಗಳವಾಡಿದ ಮೇಲೆ ನಿಯಮ ಬದಲಾಯಿತು. ತಿದ್ದಿದ ಕಾರ್ಡನ್ನು ಆಚೆಗೆಸೆಯುವುದಿಲ್ಲ, ಮತ್ತೆ ತಿದ್ದಿ ಮುಚ್ಚುವುದೂ ಇಲ್ಲ. ಜೊತೆಗೊಂದು ಚೀಟಿ: ಏನು ಮಾಡಿದ್ದು, ಮಾಡಿದ್ದು ಯಾರು, ಯಾಕೆ. ತಿಳಿಯದಿದ್ದರೆ ತಿಳಿಯದು ಅಂತಲೇ ಬರೆಯಬೇಕು. ಯಾರಿಗೆ ಕೊಟ್ಟರೂ ಚೀಟಿ ಕಾರ್ಡಿನ ಜೊತೆಯೇ ಹೋಗಬೇಕು. ಹೇಳಿ ಮುಗಿಸಿದ್ದೇ ತಡ, ರಂಗನಾಥರು ಚೀಲದ ತಳದಿಂದ ಒಂದು ಕಾರ್ಡು ತೆಗೆದರು. ತೀರಿಹೋದ ಅವರ ತಂಗಿ ಸ್ಕೆಚ್ ಪೆನ್ನಿನಲ್ಲಿ ಆಟಗಾರನಿಗೆ ಹಸಿರು ಮೀಸೆ ಬರೆದಿದ್ದಳಂತೆ. ಇಷ್ಟು ವರ್ಷ ನನಗೆ ಹೆದರಿ ತೋರಿಸಿರಲಿಲ್ಲವಂತೆ, ನೋಡು.

ನಿನ್ನ ಕಾರ್ಡಿನ ಚೀಟಿ ನಾನೇ ಬರೆದೆ, ಈಗಲೂ ತಲೆಕಟ್ಟು ಸೊಟ್ಟ: "ಕೆಳಗಿನ ಅಂಚು ಕತ್ತರಿಸಿದೆ. ಕತ್ತರಿಸಿದವನು ಮಾದೇಶ, ಐದನೇ ಎ. ಕಾರಣ: ಗೆಳೆಯನ ಜೊತೆ ಬಸ್ಸಿನಲ್ಲಿ ಹೋಗಲಿ ಅಂತ."

ಕೂಟ ಮುಗಿದ ಮೇಲೆ ಎಲ್ಲವನ್ನೂ ಕವರಿನೊಳಗೆ ಹಾಗೇ ಇಟ್ಟು, ಮಂಡಕಳ್ಳಿಗೆ ಹೋಗಿ ಮಂಜುಳಂಗೆ ಕೊಟ್ಟು ಬಂದೆ. ಬೌಲರ್ ಇನ್ನೂ ಇಳಿದಿಲ್ಲ ಕಣೋ, ನೋಡಿದೆ. ಕೆಂಪು ಚುಕ್ಕೆಯನ್ನು ಮಾತ್ರ ಉಗುರಿನಿಂದ ಮೆಲ್ಲಗೆ ಬಿಡಿಸಿಕೊಂಡೆ. ಈಗ ಅದು ನನ್ನ ಕ್ಯಾಲಿಪರ್ ಪೆಟ್ಟಿಗೆಯ ಮುಚ್ಚಳದ ಮೇಲಿದೆ, ನನ್ನ ಹೆಸರಿನ ಪಕ್ಕದಲ್ಲಿ. ಕೈಯಲ್ಲಿ ಕ್ಯಾಲಿಪರ್ ಇರುವಷ್ಟು ದಿನ ಅದನ್ನು ಕೀಳುವುದಿಲ್ಲ.

ನಿನ್ನ ಬಲಗಡೆಯವನು,
ಮಾದೇಶ