ನಾಜಿರಾ ಹಾಕಿದ ಷರತ್ತು

ಸಾಲ್ಕಿನ್,

ನೀನು ಈಗ ಯಾವ ಊರಿನಲ್ಲಿದ್ದೀಯೋ ತಿಳಿಯದು. ಆದರೂ ಹೇಳದೆ ಇರಲಾಗುತ್ತಿಲ್ಲ. ನೀನು ಹೆತ್ತ ಮಗಳು ನಾಜಿರಾ ದೊಡ್ಡವಳಾಗುವವರೆಗೂ ಸಾಕುಮಗಳಾಗಿ ನನ್ನಲ್ಲೇ ಇರಬೇಕೇ ಎಂಬ ವಿಚಾರಣೆ ಇವತ್ತು ನಾರಿನ್ ಪಟ್ಟಣದ ನ್ಯಾಯಾಲಯದಲ್ಲಿ ನಡೆಯಿತು.

“ಎಲ್ಲಿರ್ತೀಯ ಪುಟ್ಟಿ?” ಎಂದು ನ್ಯಾಯಾಧೀಶೆ ಕೇಳಿದಳು. ಹಿರಿಯರ ಮುಂದೆ ನಮ್ಮ ಮಕ್ಕಳು ಬಾಯಿ ತೆರೆಯುವುದುಂಟೇ? ನಾನೇ ಉತ್ತರಿಸಿದೆ.

“ಅಜ್ಜೀ, ನಿಮ್ಮನ್ನ ಕೇಳಿದ್ನಾ? ಹತ್ತು ತುಂಬಿದ ಮಗೂನ ಕೇಳ್ಲೇಬೇಕು ಅಂತ ಕಾನೂನಿದೆ. ಸ್ವಲ್ಪ ಸುಮ್ನಿರಿ.”

ನಾಲ್ಕು ಸೊಸೆಯಂದಿರನ್ನು ಆಳಿದ ನನ್ನನ್ನು ಈವರೆಗೆ ಯಾರೂ ಹಾಗೆ ಸುಮ್ಮನಿರಿಸಿರಲಿಲ್ಲ. ವಕೀಲರು, ಪೊಲೀಸರು, ನಾನು, ಎಲ್ಲರೂ ಆ ಪುಟ್ಟ ಬಾಯಿಯ ಮಾತಿಗಾಗಿ ಕಾದೆವು.

“ಅಜ್ಜಿ ಹತ್ರಾನೇ ಇರ್ತೀನಿ. ತುಂಬಾ ಬೈತಾರೆ, ಆದ್ರೆ ಬೈದಾದ್ಮೇಲೆ ರೊಟ್ಟಿಗೆ ಜಾಸ್ತಿ ಬೆಣ್ಣೆ ಹಚ್ತಾರೆ. ನಮ್ಮಮ್ಮ ಬಂದ್ರೆ ಮಾತ್ರ ಈ ಸಲ ಗೇಟಿಂದ್ಲೇ ವಾಪಸ್ ಕಳಿಸ್ಬಾರ್ದು.”

ಬೆಣ್ಣೆಯ ಮಾತಿಗೆ ಎಲ್ಲರೂ ನಕ್ಕರು; ಅಂದು ನಿನ್ನನ್ನು ಗೇಟಿನಿಂದಲೇ ಕಳಿಸಿದ್ದ ನಾನು ಮಾತ್ರ ತಲೆ ತಗ್ಗಿಸಿದೆ. ನ್ಯಾಯಾಧೀಶೆ ಅವಳ ಆ ಷರತ್ತನ್ನೂ ತೀರ್ಪಿನಲ್ಲಿ ಬರೆಸಿದಳು. ಮಗುವಿನ ಮಾತು ಕಾನೂನಾಗುವುದನ್ನು ನಾನು ಕಣ್ಣಾರೆ ಕಂಡೆ, ಸಾಲ್ಕಿನ್.

ಮನೆಗೆ ಬಂದ ಮೇಲೆ, ಕಿರಿಯರ ಜಾಗವಾದ ಬಾಗಿಲ ಬಳಿ ಕೂತಿದ್ದ ನಾಜಿರಾಳನ್ನು ಎಬ್ಬಿಸಿ ಹಿರಿಯರ ಜಾಗದಲ್ಲಿ ಕೂರಿಸಿದೆ. ನಾನೇ ಚಹಾ ಬಗ್ಗಿಸಿ, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟೆ.

ಅವಳು ಗಾಬರಿಯಾಗಿ, “ಅಜ್ಜಿ, ಮೈಗೆ ಹುಷಾರಿಲ್ವಾ?” ಎಂದಳು.